ಗಿರಣಿ ಹೋಯಿತು, ನೆಲ ಉಳಿಯಿತು: ಮುಂಬೈ ಗಿರಣಗಾವದ ಮನೆಗಳ ಕಥೆ



‘ಗಿರಣಿ’ ಎಂದರೆ ಬೆಂಗಳೂರು ಕಡೆಯವರಿಗೆ ಹಿಟ್ಟಿನ ಗಿರಣಿ ನೆನಪಾಗುತ್ತದೆ. ನಮ್ಮ ಸೊಲ್ಲಾಪುರದವರಿಗೆ ಹಾಗಲ್ಲ. ನಮಗೆ ಗಿರಣಿ ಎಂದರೆ ನೂಲಿನ ಗಿರಣಿ, ಅದರ ಭೋಂಗಾ, ಅದರ ಎತ್ತರದ ಚಿಮಣಿ. ಅಜ್ಜ ಗಿರಣಿಯಲ್ಲಿ ಇದ್ದರು, ಮುತ್ತಜ್ಜ ಗಿರಣಿಯಲ್ಲಿ ಇದ್ದರು ಎಂದು ಹೇಳುವ ಮನೆಗಳು ನಮ್ಮ ಊರಲ್ಲಿ ಬೇಕಾದಷ್ಟಿವೆ.

ಇಂದು ನಮ್ಮ ಅನೇಕ ಯುವಕ ಯುವತಿಯರು ಓದು, ಕೆಲಸ ಎಂದು ಪುಣೆ, ಮುಂಬೈಗೆ ಹೋಗುತ್ತಾರೆ. ಕೆಲವು ವರ್ಷ ದುಡಿದ ಮೇಲೆ ಬ್ಯಾಂಕ್ ಸಾಲ ತೆಗೆದು ಫ್ಲ್ಯಾಟ್ ನೋಡುತ್ತಾರೆ. ಮನೆ ಕೊಳ್ಳುವುದು ಜೀವನದ ದೊಡ್ಡ ಸಂತೋಷ, ದೊಡ್ಡ ಜವಾಬ್ದಾರಿ. ಆದರೆ ಆ ಮನೆ ನಿಂತ ನೆಲದ ಮೇಲೆ ಮೊದಲು ಏನಿತ್ತು, ಅಲ್ಲಿ ಯಾರಿದ್ದರು, ಅವರು ಎಲ್ಲಿಗೆ ಹೋದರು ಎಂದು ಕೇಳುವವರು ಕಡಿಮೆ. ಈ ಬಾರಿ ಆ ಪ್ರಶ್ನೆಯನ್ನು ಮುಂಬೈನ ಒಂದು ಭಾಗದ ಬಗ್ಗೆ ಕೇಳೋಣ. ಹಳೆಯ ಹೆಸರು ಗಿರಣಗಾವ, ಅಂದರೆ ಗಿರಣಿಗಳ ಊರು. ಇಂದು ಲೋವರ್ ಪರೇಲ್, ವರಳಿ, ಪ್ರಭಾದೇವಿ, ಲಾಲ್‌ಬಾಗ್ ಎಂಬ ಹೆಸರಿನಲ್ಲಿ ದೇಶದ ಅತಿ ದುಬಾರಿ ಮನೆಗಳು ಮಾರಾಟವಾಗುವ ಜಾಗ ಅದೇ.

ಗಿರಣಿಗಳು ಬಂದ ಕಾಲ

ಮುಂಬೈಯ ಮೊದಲ ಹತ್ತಿ ಗಿರಣಿಯನ್ನು ಕಾವಸ್ಜಿ ನಾನಾಭಾಯ್ ದಾವರ್ ಎಂಬ ಪಾರ್ಸಿ ವ್ಯಾಪಾರಿ 1854ರಲ್ಲಿ ಸ್ಥಾಪಿಸಿದರು. ತಾಡದೇವ್‌ನಲ್ಲಿ ಅದು 1856ರಲ್ಲಿ ಕೆಲಸ ಆರಂಭಿಸಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ ನಮ್ಮ ದಖ್ಖನದ ಹತ್ತಿಗೆ ಚಿನ್ನದ ಬೆಲೆ ಬಂತು. ಆ ಹಣದಲ್ಲಿ ಮುಂಬೈ ಬೆಳೆಯಿತು. ಮುಂದಿನ ದಶಕಗಳಲ್ಲಿ ತಾಡದೇವ್, ಭಾಯಖಳಾ, ಪರೇಲ್, ಲಾಲ್‌ಬಾಗ್, ವರಳಿ, ನಾಯಗಾವ್ ಎಲ್ಲೆಡೆ ಚಿಮಣಿಗಳು ಎದ್ದವು.

ಗಿರಣಿ ಮಾಲೀಕರಿಗೆ ನೆಲ ಸುಲಭವಾಗಿ ಸಿಕ್ಕಿತು. ಆಗ ಇದು ಊರಿನ ಹೊರಭಾಗ. ಗದ್ದೆ, ತೋಟ, ಜವುಗು ಜಾಗ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಆ ನೆಲಕ್ಕೆ ಬೆಲೆ ಬಂದದ್ದು ನೂರು ವರ್ಷಗಳ ಕಾಲ ಲಕ್ಷಾಂತರ ಜನ ಅಲ್ಲಿ ದುಡಿದು, ಬದುಕಿ, ರಸ್ತೆ, ರೈಲು, ಶಾಲೆ, ಮಾರುಕಟ್ಟೆ ಎಲ್ಲ ಬೆಳೆದ ಮೇಲೆ.

ದುಡಿಯಲು ಬಂದವರು ಕೊಂಕಣದ ರತ್ನಾಗಿರಿಯವರು, ಸಾತಾರಾ ಕೊಲ್ಹಾಪುರದವರು, ತೆಲುಗು ನಾಡಿನ ಪದ್ಮಶಾಲಿ ನೇಕಾರರು, ಉತ್ತರ ಭಾರತದವರು. ಬಹಳಷ್ಟು ಗಂಡಸರು ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು ಬಂದರು. ಊಟಕ್ಕೆ ಖಾನಾವಳಿ. ಅದನ್ನು ನಡೆಸಿದವರು ಹೆಚ್ಚಾಗಿ ಅಲ್ಲಿಯ ಬಡ ಹೆಂಗಸರು. ಈ ಹೆಂಗಸರನ್ನು ಒಟ್ಟುಗೂಡಿಸಿ ಬ್ಯಾಂಕ್ ಸಾಲ ಸಿಗುವಂತೆ ಮಾಡಲು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಹುಟ್ಟಿತು. ಅದನ್ನು ಕಟ್ಟಿದ ಪ್ರೇಮಾ ಪುರವ್ ಗೋವಾ ವಿಮೋಚನಾ ಹೋರಾಟದಿಂದ ಬಂದವರು.

ಖೋಲಿಯೇ ಮನೆ

ಗಿರಣಿ ಕಾರ್ಮಿಕರ ಮನೆ ಎಂದರೆ ಚಾಳಿನ ಒಂದು ಖೋಲಿ. ಉದ್ದನೆಯ ಪಡಸಾಲೆ, ಅದರುದ್ದಕ್ಕೂ ಸಾಲು ಕೋಣೆಗಳು, ಕೊನೆಯಲ್ಲಿ ಎಲ್ಲರಿಗೂ ಸೇರಿ ನಳ ಮತ್ತು ಶೌಚಾಲಯ. ಒಂದು ಖೋಲಿಯಲ್ಲಿ ಹತ್ತಾರು ಗಂಡಸರು ಪಾಳಿಯ ಮೇಲೆ ಮಲಗುತ್ತಿದ್ದರು. ರಾತ್ರಿ ಪಾಳಿಯವರು ಬಂದಾಗ ಹಗಲು ಪಾಳಿಯವರು ಎದ್ದು ಹೋಗುತ್ತಿದ್ದರು.

1896ರಲ್ಲಿ ಮುಂಬೈಗೆ ಪ್ಲೇಗ್ ಬಂದಿತು. ಗಾಳಿ ಬೆಳಕಿಲ್ಲದ ಕಿಕ್ಕಿರಿದ ಮನೆಗಳ ಸ್ಥಿತಿ ಆಗ ಸರಕಾರದ ಕಣ್ಣಿಗೆ ಬಿತ್ತು. 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾಗಿ ಅದು ಕೆಲವು ಚಾಳುಗಳನ್ನು ಕಟ್ಟಿತು. ಬಾಬಾಸಾಹೇಬ್ ಅಂಬೇಡ್ಕರ್ ಪರೇಲ್‌ನ ಇಂಥದೇ ಒಂದು ಚಾಳಿನಲ್ಲಿ ಬಹಳ ವರ್ಷ ವಾಸವಿದ್ದರು. 1920ರ ದಶಕದ ಆರಂಭದಲ್ಲಿ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ 207 ಚಾಳುಗಳನ್ನು ಕಟ್ಟಿತು. ವರಳಿಯಲ್ಲಿ 121, ನಾಯಗಾವ್‌ನಲ್ಲಿ 42, ಡಿಲೈಲ್ ರಸ್ತೆಯಲ್ಲಿ 32, ಶಿವಡಿಯಲ್ಲಿ 12. ಇಂದಿಗೂ ಜನ ಇವನ್ನು ಬಿಡಿಡಿ ಚಾಳು ಎನ್ನುತ್ತಾರೆ. ಒಂದೊಂದು ಖೋಲಿ 160 ಚದರಡಿ.

ಇಷ್ಟು ಚಿಕ್ಕ ಜಾಗದಲ್ಲಿ ಬದುಕಿದವರು ದೊಡ್ಡದೊಂದು ಸಮಾಜವನ್ನೇ ಕಟ್ಟಿದರು. ಗಣೇಶೋತ್ಸವ, ಭಜನಾ ಮಂಡಳಿ, ವ್ಯಾಯಾಮಶಾಲೆ, ಲಾವಣಿ, ನಾಟಕ, ಕಾರ್ಮಿಕ ಸಂಘ ಎಲ್ಲ ಅಲ್ಲಿ ಬೆಳೆದವು. 1908ರಲ್ಲಿ ಬಾಲಗಂಗಾಧರ ತಿಲಕರಿಗೆ ಆರು ವರ್ಷದ ಶಿಕ್ಷೆಯಾದಾಗ ಇಲ್ಲಿಯ ಕಾರ್ಮಿಕರು ವರ್ಷಕ್ಕೊಂದು ದಿನದಂತೆ ಆರು ದಿನ ಕೆಲಸ ನಿಲ್ಲಿಸಿದರು. ಮಕ್ಕಳನ್ನು ಪಕ್ಕದ ಖೋಲಿಯವರ ಬಳಿ ಬಿಟ್ಟು ತಾಯಿ ಕೆಲಸಕ್ಕೆ ಹೋಗಬಹುದಿತ್ತು. ಬಾಗಿಲು ಹಗಲೆಲ್ಲ ತೆರೆದೇ ಇರುತ್ತಿತ್ತು. ಹಾಗೆಂದು ಚಾಳಿನ ಬದುಕನ್ನು ನಾವು ಬಣ್ಣ ಹಚ್ಚಿ ನೋಡಬಾರದು. ನೀರಿಗೆ ಸಾಲು, ಶೌಚಾಲಯಕ್ಕೆ ಸಾಲು, ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲೂ ಜಾಗವಿಲ್ಲ. ಅಲ್ಲಿಂದ ಹೊರಗೆ ಹೋಗಿ ಒಳ್ಳೆಯ ಮನೆ ಮಾಡಬೇಕೆಂಬ ಆಸೆ ನ್ಯಾಯವಾದದ್ದೇ.

ಪಗಡಿ: ಮಾಲೀಕನಲ್ಲ, ಬಾಡಿಗೆದಾರನೂ ಅಲ್ಲ

ಈ ಮನೆಗಳ ಕೊಡುಕೊಳ್ಳುವಿಕೆ ಅರ್ಥವಾಗಬೇಕಾದರೆ ಒಂದು ಕಾಯ್ದೆಯನ್ನು ತಿಳಿಯಬೇಕು. ಯುದ್ಧಕಾಲದಲ್ಲಿ ಬಾಡಿಗೆ ಏರುವುದನ್ನು ತಡೆಯಲು ತಂದ ನಿಯಮಗಳು 1947ರಲ್ಲಿ ಬಾಂಬೆ ಬಾಡಿಗೆ ನಿಯಂತ್ರಣ ಕಾಯ್ದೆಯಾದವು. ಹಳೆಯ ಮನೆಗಳ ಬಾಡಿಗೆ 1940ರ ಮಟ್ಟದಲ್ಲಿ ನಿಂತುಹೋಯಿತು. ಬಾಡಿಗೆದಾರನನ್ನು ಸುಮ್ಮನೆ ಹೊರಗೆ ಹಾಕುವಂತಿರಲಿಲ್ಲ. ಆತ ತೀರಿಕೊಂಡರೆ ಜೊತೆಗಿದ್ದ ಮನೆಯವರು ಮುಂದುವರಿಯಬಹುದಿತ್ತು. ಬಡವರಿಗೆ ಇದು ದೊಡ್ಡ ಆಸರೆ.

ಆದರೆ ಬಾಡಿಗೆಯಿಂದ ಏನೂ ಸಿಗದಿದ್ದಾಗ ಮನೆಮಾಲೀಕ ದುರಸ್ತಿ ನಿಲ್ಲಿಸಿದ. ಮಳೆಗಾಲದಲ್ಲಿ ಗೋಡೆ ಕುಸಿಯಲಾರಂಭಿಸಿತು. ಇನ್ನೊಂದೆಡೆ ಖೋಲಿಯ ಹಕ್ಕೇ ಒಂದು ಸರಕಾಯಿತು. ಹೊಸದಾಗಿ ಬರುವವರು ಒಂದು ಮೊತ್ತ ಕೊಟ್ಟು ಆ ಹಕ್ಕನ್ನು ಪಡೆಯುತ್ತಿದ್ದರು. ಅದಕ್ಕೆ ಪಗಡಿ ಎಂದು ಹೆಸರು. ರೂಢಿಯಂತೆ ಅದರಲ್ಲಿ ಮೂರನೇ ಒಂದು ಪಾಲು ಮಾಲೀಕನಿಗೆ, ಉಳಿದದ್ದು ಖೋಲಿ ಬಿಡುವವನಿಗೆ. 1947ರ ಕಾಯ್ದೆಯ ಪ್ರಕಾರ ಇದು ಅಪರಾಧ. ಆದರೂ ಐವತ್ತು ವರ್ಷ ನಡೆಯಿತು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ ಬಂದ ಮೇಲೆ ಅದಕ್ಕೆ ಕಾನೂನಿನ ಮನ್ನಣೆ ದೊರಕಿತು.

ಪಗಡಿಯ ಖೋಲಿಯವನು ಮಾಲೀಕನಲ್ಲ, ಏಕೆಂದರೆ ನೆಲ ಅವನದಲ್ಲ. ಆದರೆ ಬರೀ ಬಾಡಿಗೆದಾರನೂ ಅಲ್ಲ, ಏಕೆಂದರೆ ಹಣ ಕೊಟ್ಟು ಒಳಗೆ ಬಂದಿದ್ದಾನೆ. ಅವನ ಕೈಯಲ್ಲಿ ಇದ್ದದ್ದು ಅಲ್ಲಿ ಇರುವ ಹಕ್ಕು ಮಾತ್ರ. ಗಿರಣಗಾವದ ಕಾರ್ಮಿಕರಲ್ಲಿ ಹೆಚ್ಚಿನವರಿಗೆ ಇದ್ದ ಒಂದೇ ಆಸ್ತಿ ಅದು.

1982ರ ಮುಷ್ಕರ

1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ನೇತೃತ್ವದಲ್ಲಿ ಮುಂಬೈಯ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಸುಮಾರು ಎರಡೂವರೆ ಲಕ್ಷ ಜನ ಹೊರಗೆ ಬಂದರು. ಕೂಲಿ, ಬೋನಸ್ ಬೇಡಿಕೆಯ ಜೊತೆ ಇನ್ನೊಂದು ಬೇಡಿಕೆ ಇತ್ತು: ತಮ್ಮ ಪರ ಮಾತಾಡುವ ಸಂಘವನ್ನು ತಾವೇ ಆರಿಸುವ ಹಕ್ಕು. 1946ರ ಕೈಗಾರಿಕಾ ಸಂಬಂಧಗಳ ಕಾಯ್ದೆಯಡಿ ಮಾನ್ಯತೆ ಪಡೆದ ಒಂದೇ ಸಂಘಕ್ಕೆ ಮಾತುಕತೆಯ ಅಧಿಕಾರ ಇತ್ತು.

ಆ ಮುಷ್ಕರವನ್ನು ಯಾರೂ ಅಧಿಕೃತವಾಗಿ ಹಿಂತೆಗೆದುಕೊಳ್ಳಲಿಲ್ಲ. ವರ್ಷ ದಾಟಿತು. ಸಾವಿರಾರು ಕುಟುಂಬಗಳು ಪಾತ್ರೆ, ಬಂಗಾರ ಮಾರಿ ತಿಂದವು. ಬಹಳ ಜನ ಕೊಂಕಣಕ್ಕೆ ಮರಳಿದರು. ಕೆಲವರು ಖೋಲಿಯ ಹಕ್ಕನ್ನೇ ಮಾರಿದರು. 1983ರಲ್ಲಿ ಕೇಂದ್ರ ಸರಕಾರ 13 ಗಿರಣಿಗಳ ಆಡಳಿತವನ್ನು ವಹಿಸಿಕೊಂಡಿತು. ಹೀಗೆ ಮುಂಬೈಯ 25 ಗಿರಣಿಗಳು ರಾಷ್ಟ್ರೀಯ ಜವಳಿ ನಿಗಮದ ಕೈಗೆ ಬಂದವು. ಉಳಿದವು ಖಾಸಗಿಯವರ ಬಳಿ ಇದ್ದವು.

ಯಂತ್ರಗಳು ಹಳೆಯವಾಗಿದ್ದವು. ಭಿವಂಡಿಯಂಥ ಊರುಗಳ ವಿದ್ಯುತ್ ಮಗ್ಗಗಳು ಕಡಿಮೆ ಬೆಲೆಗೆ ಬಟ್ಟೆ ಕೊಡುತ್ತಿದ್ದವು. ಆದರೆ ಗಿರಣಿ ಮುಚ್ಚಲು ಇನ್ನೊಂದು ಕಾರಣವೂ ಮೆಲ್ಲನೆ ಬೆಳೆಯುತ್ತಿತ್ತು. ಗಿರಣಿ ಓಡಿಸುವುದಕ್ಕಿಂತ ಗಿರಣಿ ನಿಂತ ನೆಲ ಮಾರುವುದರಲ್ಲಿ ಹೆಚ್ಚು ಲಾಭ ಕಾಣತೊಡಗಿತ್ತು.

ಮೂರು ಪಾಲು, ಒಂದು ಪದ

ಸರಕಾರ 1991ರಲ್ಲಿ ಮುಂಬೈಗೆ ಹೊಸ ಅಭಿವೃದ್ಧಿ ನಿಯಂತ್ರಣ ನಿಯಮಾವಳಿ ತಂದಿತು. ಅದರ 58ನೇ ನಿಯಮ ಗಿರಣಿ ನೆಲದ ಬಗ್ಗೆ. ಸಾರಾಂಶ ಸರಳವಾಗಿತ್ತು. ಗಿರಣಿ ನೆಲವನ್ನು ಹೊಸದಾಗಿ ಕಟ್ಟಲು ಬಯಸಿದರೆ ಅದನ್ನು ಸುಮಾರಾಗಿ ಮೂರು ಪಾಲು ಮಾಡಬೇಕು. ಒಂದು ಪಾಲು ಮಹಾನಗರಪಾಲಿಕೆಗೆ, ಉದ್ಯಾನ ಮೈದಾನಗಳಿಗಾಗಿ. ಒಂದು ಪಾಲು ಗೃಹನಿರ್ಮಾಣ ಮಂಡಳಿ ಮ್ಹಾಡಾಗೆ, ಸಾಮಾನ್ಯರ ಮನೆಗಾಗಿ. ಒಂದು ಪಾಲು ಮಾಲೀಕರಿಗೆ. ಒಟ್ಟು ಗಿರಣಿ ನೆಲ ಸುಮಾರು 600 ಎಕರೆ. ನೀವೇ ಲೆಕ್ಕ ಹಾಕಿ: ಪೂರ್ತಿ ಜಾರಿಯಾಗಿದ್ದರೆ ಕಿಕ್ಕಿರಿದ ಮುಂಬೈಯ ನಡುವೆ ಹತ್ತಿರ ಹತ್ತಿರ 200 ಎಕರೆ ಬಯಲು, ಇನ್ನೊಂದು 200 ಎಕರೆ ಸಾಮಾನ್ಯರ ಮನೆ.

1996ರಲ್ಲಿ ನಿಗಮದ ಗಿರಣಿ ನೆಲದ ಬಗ್ಗೆ ಯೋಜನೆ ಹೇಳಲು ಸರಕಾರ ಒಂದು ಸಮಿತಿ ಮಾಡಿತು. ಅದರ ಮುಖ್ಯಸ್ಥರು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ಗೋವಾ ಮೂಲದ ಕುಟುಂಬದ ಅವರ ಹೆಸರು ನಮ್ಮ ಧರ್ಮಸಭೆಗೂ ಪರಿಚಿತ. ದಾದರ್‌ನ ಅವರ್ ಲೇಡಿ ಆಫ್ ಸಾಲ್ವೇಶನ್ ದೇವಾಲಯದ ಈಗಿನ ಕಟ್ಟಡವನ್ನು 1970ರ ದಶಕದಲ್ಲಿ ರೂಪಿಸಿದವರು ಅವರೇ. ಒಂದೊಂದು ಗಿರಣಿಯನ್ನು ಬಿಡಿಬಿಡಿಯಾಗಿ ಮಾರದೆ ಎಲ್ಲ ನೆಲವನ್ನೂ ಒಟ್ಟಿಗೆ ನೋಡಿ ಯೋಜಿಸಬೇಕು ಎಂಬುದು ಆ ಸಮಿತಿಯ ಆಶಯ. ವರದಿ ಬಂತು, ಜಾರಿಯಾಗಲಿಲ್ಲ.

2001ರಲ್ಲಿ 58ನೇ ನಿಯಮಕ್ಕೆ ತಿದ್ದುಪಡಿ ಬಂತು. ‘ನೆಲ’ವನ್ನು ಮೂರು ಪಾಲು ಮಾಡಬೇಕು ಎಂಬಲ್ಲಿ ‘ಖಾಲಿ ನೆಲ’ವನ್ನು ಎಂದಾಯಿತು. ಅಂದರೆ ಕಟ್ಟಡವಿಲ್ಲದ ಜಾಗವನ್ನು ಮಾತ್ರ ಹಂಚಬೇಕು. ಕಟ್ಟಡವಿದ್ದ ಜಾಗವನ್ನು, ಆ ಕಟ್ಟಡ ಕೆಡವಿದ ಮೇಲೂ, ಹಂಚಬೇಕಿಲ್ಲ. ಗಿರಣಿ ಎಂದರೇ ಶೆಡ್ಡುಗಳು, ಗೋದಾಮುಗಳು. ಖಾಲಿ ನೆಲ ಎಷ್ಟಿರುತ್ತದೆ? ಒಂದು ಪದ ಸೇರಿದ್ದಕ್ಕೆ ಸಾರ್ವಜನಿಕರ ಪಾಲು ಕರಗಿಹೋಯಿತು.

2005ರಲ್ಲಿ ರಾಷ್ಟ್ರೀಯ ಜವಳಿ ನಿಗಮ ಐದು ಗಿರಣಿಗಳ ನೆಲವನ್ನು ಹರಾಜು ಹಾಕಿತು. ಸುಮಾರು 2,000 ಕೋಟಿ ರೂಪಾಯಿ ಬಂತು. ಅದೇ ವರ್ಷ ಪರಿಸರ ಸಂಘಟನೆಯೊಂದು ತಿದ್ದುಪಡಿಯನ್ನು ಪ್ರಶ್ನಿಸಿ ಬಾಂಬೆ ಹೈಕೋರ್ಟಿಗೆ ಹೋಯಿತು. ಅಕ್ಟೋಬರ್‌ನಲ್ಲಿ ಹೈಕೋರ್ಟ್ ಸಂಘಟನೆಯ ಪರ ತೀರ್ಪು ಕೊಟ್ಟಿತು. ಆದರೆ 2006ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಮಾಡಿ 2001ರ ನಿಯಮವನ್ನೇ ಎತ್ತಿಹಿಡಿಯಿತು. ಆಮೇಲೆ ಗೋಪುರಗಳು ಏಳುವುದನ್ನು ತಡೆಯುವವರಿರಲಿಲ್ಲ.

ಮಾರಿದವರು ಮತ್ತು ಕೊಂಡವರು

ಚಾಳಿನ ಖೋಲಿ ಮಾರುವವರಿಗೆ ಆ ದಿನಗಳಲ್ಲಿ ಸಿಕ್ಕ ಹಣ ಅವರು ಜೀವನದಲ್ಲಿ ಕಂಡಿದ್ದಕ್ಕಿಂತ ಹೆಚ್ಚು. ಅದರಲ್ಲಿ ಸಾಲ ತೀರಿಸಿದರು, ಮಗಳ ಮದುವೆ ಮಾಡಿದರು, ಕಲ್ಯಾಣ, ಡೊಂಬಿವಲಿ, ನಾಲಾಸೋಪಾರಾ, ವಿರಾರ್ ಕಡೆ ಒಂದು ಅಡುಗೆಮನೆ, ಒಂದು ಸ್ವಂತ ಶೌಚಾಲಯ ಇರುವ ಫ್ಲ್ಯಾಟ್ ಕೊಂಡರು. ಇದನ್ನು ಸೋಲು ಎಂದು ಕರೆಯುವುದು ತಪ್ಪು. ಆದರೆ ದಿನಾ ರೈಲಿನಲ್ಲಿ ಮೂರು ನಾಲ್ಕು ಗಂಟೆ ಕಳೆಯುವ ಬದುಕು ಅವರ ಮಕ್ಕಳಿಗೆ ಬಂತು. ಅವರು ಬಿಟ್ಟು ಬಂದ ಜಾಗದ ಬೆಲೆ ಮುಂದಿನ ಕೆಲವೇ ವರ್ಷಗಳಲ್ಲಿ ಅವರ ಕೈಗೆ ಎಟುಕದಷ್ಟು ಮೇಲೇರಿತು.

ಮಾರದೆ ಉಳಿದವರಿಗೆ ಇನ್ನೊಂದು ದಾರಿ ಪುನರಭಿವೃದ್ಧಿ. ಹಳೆಯ ಚಾಳನ್ನು ಬಿಲ್ಡರ್ ಕೆಡವುತ್ತಾನೆ. ಹಳೆಯ ಬಾಡಿಗೆದಾರರಿಗೆ ಹೊಸ ಕಟ್ಟಡದಲ್ಲಿ ಉಚಿತವಾಗಿ ಮನೆ ಕೊಡುತ್ತಾನೆ. ಅದಕ್ಕೆ ಬದಲಾಗಿ ಸರಕಾರ ಅವನಿಗೆ ಹೆಚ್ಚುವರಿ ಎಫ್‌ಎಸ್‌ಐ ಕೊಡುತ್ತದೆ. ಎಫ್‌ಎಸ್‌ಐ ಎಂದರೆ ನೆಲದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬ ಲೆಕ್ಕ. ಮುಂಬೈ ದ್ವೀಪ ಭಾಗದಲ್ಲಿ ಮೂಲ ಮಿತಿ 1.33 ಇತ್ತು. ಅದು ಏರಿದಷ್ಟೂ ಮಾರಲು ಹೆಚ್ಚು ಮನೆ. ಹಾಗಾಗಿ ಒಂದೇ ಆವರಣದಲ್ಲಿ ಎರಡು ಕಟ್ಟಡ ಕಾಣುತ್ತವೆ. ಹಳೆಯವರಿಗೆ ಒಂದು, ಕೋಟಿಗಳಲ್ಲಿ ಕೊಂಡವರಿಗೆ ಇನ್ನೊಂದು. ಬಾಗಿಲೂ ಬೇರೆ, ಲಿಫ್ಟೂ ಬೇರೆ. ಉಚಿತ ಮನೆ ಸಿಕ್ಕಿದವರಿಗೂ ಲಿಫ್ಟ್, ಪಂಪು, ಕಾವಲು ಎಂದು ತಿಂಗಳ ನಿರ್ವಹಣಾ ವೆಚ್ಚ ಬರುತ್ತದೆ. ಪಿಂಚಣಿ ಇಲ್ಲದ ಹಿರಿಯರಿಗೆ ಅದೇ ಭಾರ. ಕೊನೆಗೆ ಅವರೂ ಮಾರಿ ಹೋಗುತ್ತಾರೆ.

ಕೊಂಡವರನ್ನು ದೂರುವುದು ಸುಲಭ. ಆದರೆ ಅವರಲ್ಲಿಯೂ ಇಪ್ಪತ್ತು ವರ್ಷದ ಸಾಲ ಹೊತ್ತ ಗಂಡ ಹೆಂಡಿರಿದ್ದಾರೆ. ಹಣ ಕಟ್ಟಿ ವರ್ಷಗಟ್ಟಲೆ ಕೀಲಿಕೈಗೆ ಕಾದವರಿದ್ದಾರೆ. ಮಹಾರಾಷ್ಟ್ರದಲ್ಲಿ 1963ರಿಂದಲೇ ಫ್ಲ್ಯಾಟ್ ಮಾಲೀಕತ್ವದ ಕಾಯ್ದೆ ಇತ್ತು. ನೋಂದಾಯಿತ ಒಪ್ಪಂದ ಮಾಡದೆ ಬೆಲೆಯ ಶೇಕಡಾ 20ಕ್ಕಿಂತ ಹೆಚ್ಚು ಮುಂಗಡ ಪಡೆಯಬಾರದು ಎಂದು ಅದು ಹೇಳಿತ್ತು. 2016ರ ರೇರಾ ಕಾಯ್ದೆ ಆ ಮಿತಿಯನ್ನು ಶೇಕಡಾ 10ಕ್ಕೆ ಇಳಿಸಿತು, ಪ್ರತಿ ಯೋಜನೆಯೂ ನೋಂದಣಿಯಾಗಬೇಕು ಎಂದಿತು. ಕೊಳ್ಳುವವರ ಕಣ್ಣೀರಿನಿಂದಲೇ ಹುಟ್ಟಿದ ಕಾಯ್ದೆ ಅದು.

ಲಾಟರಿಯಲ್ಲಿ ಸಿಕ್ಕ ಮನೆ

ಗಿರಣಿ ಕಾರ್ಮಿಕರ ಸಂಘಟನೆಗಳು ಸುಮ್ಮನೆ ಕೂರಲಿಲ್ಲ. ನಮ್ಮ ಕೆಲಸ ಹೋಯಿತು, ಆ ನೆಲದಲ್ಲಿ ಮನೆಯಾದರೂ ಕೊಡಿ ಎಂದು ವರ್ಷಾನುಗಟ್ಟಲೆ ಮೆರವಣಿಗೆ, ಧರಣಿ ಮಾಡಿದವು. ಹಂಚಿಕೆಯಲ್ಲಿ ಮ್ಹಾಡಾಗೆ ಬಂದ ನೆಲದಲ್ಲಿ ಅವರಿಗಾಗಿ 225 ಚದರಡಿಯ ಮನೆಗಳು ಎದ್ದವು. 2012ರಲ್ಲಿ 6,925 ಮನೆಗಳಿಗೆ ಲಾಟರಿ ಎತ್ತಿದರು. 2020ರ ಮಾರ್ಚ್‌ನಲ್ಲಿ ಇನ್ನೂ 3,894 ಮನೆಗಳಿಗೆ. ಆಗ ಒಂದು ಮನೆಯ ಬೆಲೆ ಒಂಬತ್ತೂವರೆ ಲಕ್ಷ. ಅರ್ಜಿ ಹಾಕಿದವರು ಸುಮಾರು 1.75 ಲಕ್ಷ ಕಾರ್ಮಿಕರು ಮತ್ತು ವಾರಸುದಾರರು.

2020ರ ಆ ಮನೆಗಳಲ್ಲಿ 544 ಲೋವರ್ ಪರೇಲ್‌ನ ಶ್ರೀನಿವಾಸ ಗಿರಣಿಯ ನೆಲದಲ್ಲಿವೆ. ಅದೇ ಗಿರಣಿಯ ನೆಲದಲ್ಲಿ ಸುಮಾರು 280 ಮೀಟರ್ ಎತ್ತರದ ‘ವರ್ಲ್ಡ್ ವನ್’ ಗೋಪುರ ನಿಂತಿದೆ. ಒಂದೇ ಗಿರಣಿಯ ನೆಲದಿಂದ ಎರಡು ಲೋಕ ಹುಟ್ಟಿದವು.

ಮನೆ ಸಾಲದಾದಾಗ ಪನವೇಲ್ ಬಳಿಯ ಕೋನ್‌ನಲ್ಲಿ ಕೊಡುತ್ತೇವೆ ಎಂದರು. ಈಚೆಗೆ ಬದ್ಲಾಪುರಕ್ಕೂ ಆಚೆಯ ವಾಂಗಣಿ, ಶೇಲು ಕಡೆ ಎಂದಾಗ ಕಾರ್ಮಿಕರು ಮತ್ತೆ ಬೀದಿಗಿಳಿದರು. ದುಡಿದ ಜಾಗ ಮುಂಬೈ, ಮನೆ ಮಾತ್ರ ಏಕೆ ಅಷ್ಟು ದೂರ ಎಂಬುದು ಅವರ ಪ್ರಶ್ನೆ. 1982ರಲ್ಲಿ ಮೂವತ್ತರ ಹರೆಯದಲ್ಲಿದ್ದವರಿಗೆ ಈಗ ಎಪ್ಪತ್ತು ದಾಟಿದೆ.

ಒಂದು ಒಳ್ಳೆಯ ಸುದ್ದಿಯೂ ಇದೆ. ನೂರು ವರ್ಷದ ಬಿಡಿಡಿ ಚಾಳುಗಳಲ್ಲಿ ಸರಕಾರವೇ ಮ್ಹಾಡಾ ಮೂಲಕ ಪುನರಭಿವೃದ್ಧಿ ನಡೆಸುತ್ತಿದೆ. 160 ಚದರಡಿಯ ಖೋಲಿಯವರಿಗೆ ಅದೇ ಜಾಗದಲ್ಲಿ 500 ಚದರಡಿಯ ಸ್ವಂತ ಮನೆ. 2025ರ ಆಗಸ್ಟ್‌ನಲ್ಲಿ ವರಳಿಯ 556 ಕುಟುಂಬಗಳಿಗೆ ಮೊದಲ ಕೀಲಿಕೈ ದೊರಕಿತು. ಇದ್ದವರನ್ನು ಇದ್ದಲ್ಲಿಯೇ ಉಳಿಸಿಕೊಂಡು ಊರನ್ನು ಹೊಸದು ಮಾಡಲು ಸಾಧ್ಯ ಎಂಬುದಕ್ಕೆ ಇದು ಸಾಕ್ಷಿ.

ಮಾರಾಟವಾಗದ ಸೇತುವೆ

ಗಿರಣಿಯ ನೆಲ ಮಾರಾಟವಾಯಿತು, ಮಾಲ್ ಬಂದವು, ಗಾಜಿನ ಕಚೇರಿಗಳು ಬಂದವು. ಪ್ರತಿದಿನ ಸಾವಿರ ಸಾವಿರ ಹೊಸ ನೌಕರರು ಅದೇ ಹಳೆಯ ರೈಲು ನಿಲ್ದಾಣಗಳಲ್ಲಿ ಇಳಿಯತೊಡಗಿದರು. ಆದರೆ ಕಾಲುಸೇತುವೆ ಹಳೆಯದೇ, ಇಕ್ಕಟ್ಟಿನದೇ. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ ಮಳೆಯಲ್ಲಿ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಮೆಟ್ಟಿಲಲ್ಲಿ ನೂಕುನುಗ್ಗಲಾಗಿ 23 ಜನ ಸತ್ತರು. ಆಮೇಲೆ ಸೇನೆಯವರು ಬಂದು ಹೊಸ ಸೇತುವೆ ಕಟ್ಟಿದರು. ನಿಲ್ದಾಣಕ್ಕೆ ಈಗ ಪ್ರಭಾದೇವಿ ಎಂದು ಹೆಸರು.

600 ಎಕರೆಯ ಮೂರನೇ ಒಂದು ಪಾಲು ಸಾರ್ವಜನಿಕರಿಗೆ ಸಿಕ್ಕಿದ್ದರೆ ಅಲ್ಲಿ ಅಗಲ ರಸ್ತೆ, ಬಯಲು, ನಡೆಯುವ ದಾರಿ ಇರಬಹುದಿತ್ತು. ಎಲ್ಲರಿಗೂ ಸೇರಿದ್ದನ್ನು ಯಾರೂ ಕೊಳ್ಳುವುದಿಲ್ಲ, ಯಾರೂ ಮಾರುವುದಿಲ್ಲ. ಆದ್ದರಿಂದ ಅದಕ್ಕೆ ಬೆಲೆಯೇ ಇಲ್ಲವೆಂದು ನಾವು ಮರೆಯುತ್ತೇವೆ.

ನಮ್ಮ ಸೊಲ್ಲಾಪುರದಲ್ಲಿ

ಇದು ಮುಂಬೈಯ ಕಥೆ ಎಂದು ಬಿಡುವಂತಿಲ್ಲ. ನಮ್ಮ ‘ಜುನಿ ಗಿರಣಿ’ 1877ರಲ್ಲಿ ಸ್ಥಾಪನೆಯಾದದ್ದು. 1930ರಲ್ಲಿ ಸೊಲ್ಲಾಪುರದ ಜನ ಬ್ರಿಟಿಷರ ವಿರುದ್ಧ ಎದ್ದಾಗ ಗಿರಣಿ ಕಾರ್ಮಿಕರು ಮುಂದಿದ್ದರು. ಊರಿಗೆ ಮಾರ್ಷಲ್ ಲಾ ಹೇರಿದರು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂದೆ ನೇಣಿಗೇರಿದರು. ಹಳೆಯ ಗಿರಣಿಗಳ ಭೋಂಗಾ ಈಗ ಕೇಳಿಸುವುದಿಲ್ಲ. ನೇಯ್ಗೆ ವಿದ್ಯುತ್ ಮಗ್ಗಗಳ ಚಿಕ್ಕ ಶೆಡ್ಡುಗಳಿಗೆ ಹೋಯಿತು.

ಮನೆಯ ವಿಷಯದಲ್ಲಿ ನಮ್ಮ ಊರಿನ ಕಾರ್ಮಿಕರು ಒಂದು ದಾರಿ ತೋರಿದ್ದಾರೆ. ಕುಂಭಾರಿಯ ರೇನಗರ ನಿಮಗೆ ಗೊತ್ತು. ಬೀಡಿ ಕಟ್ಟುವವರು, ಮಗ್ಗದವರು, ಚಿಂದಿ ಆಯುವವರು ಸಹಕಾರಿ ಸಂಘಗಳನ್ನು ಮಾಡಿಕೊಂಡು, ತಮ್ಮ ಪಾಲಿನ ಹಣ ಸೇರಿಸಿ, ಕೇಂದ್ರ ಮತ್ತು ರಾಜ್ಯದ ನೆರವಿನಿಂದ 30,000 ಮನೆಗಳ ಯೋಜನೆಗೆ ಕೈಹಾಕಿದರು. 2024ರ ಜನವರಿ 19ರಂದು 15,000 ಮನೆಗಳ ಹಸ್ತಾಂತರ ನಡೆಯಿತು. ಊರಿನಿಂದ ದೂರ, ಬಸ್ಸು ಶಾಲೆಗಳ ಚಿಂತೆ ಇದ್ದೇ ಇದೆ. ಆದರೂ ಗಿರಣಗಾವದವರಿಗೆ ಲಾಟರಿಯಲ್ಲಿ ಸಿಕ್ಕದ್ದು ಇಲ್ಲಿ ಸಂಘಟನೆಯಿಂದ ಸಿಕ್ಕಿತು.

ದೇವರ ವಾಕ್ಯ ಏನು ಹೇಳುತ್ತದೆ?

ಪವಿತ್ರ ಗ್ರಂಥ ಮನೆ ಮಾರುವುದನ್ನು ಪಾಪ ಎನ್ನುವುದಿಲ್ಲ. ಯಾಜಕಕಾಂಡದ 25ನೇ ಅಧ್ಯಾಯದಲ್ಲಿ ಇದಕ್ಕೆ ನಿಯಮವೇ ಇದೆ. ಗೋಡೆಯುಳ್ಳ ಪಟ್ಟಣದಲ್ಲಿ ಮನೆ ಮಾರಿದವನಿಗೆ ಅದನ್ನು ಬಿಡಿಸಿಕೊಳ್ಳಲು ಒಂದು ವರ್ಷದ ಅವಕಾಶ. ಆಮೇಲೆ ಅದು ಕೊಂಡವನದೇ. ಆದರೆ ಹಳ್ಳಿಯ ಮನೆಯನ್ನು ಹೊಲದಂತೆಯೇ ಎಣಿಸಬೇಕು, ಜೂಬಿಲಿ ವರ್ಷದಲ್ಲಿ ಅದು ಮೂಲದವರಿಗೆ ಮರಳಬೇಕು. ಕಷ್ಟಕ್ಕೆ ಮಾರಿದವನು ಶಾಶ್ವತವಾಗಿ ನೆಲೆ ಕಳೆದುಕೊಳ್ಳಬಾರದು ಎಂಬ ಕಾಳಜಿ ಅಲ್ಲಿದೆ.

ನಾಬೋತನ ಕಥೆ ನಮಗೆಲ್ಲ ಗೊತ್ತು. ಅರಸ ಅಹಾಬ ಅವನ ದ್ರಾಕ್ಷಾತೋಟಕ್ಕೆ ಮೊದಲು ಒಳ್ಳೆಯ ಬೆಲೆಯನ್ನೇ ಹೇಳಿದ. ಬೇಡವೆಂದ ಮೇಲೆ ಸುಳ್ಳುಸಾಕ್ಷಿ, ಕೊಲೆ. ಬೇಡ ಎನ್ನುವ ಹಕ್ಕು ಇಲ್ಲದ ಕಡೆ ಬೆಲೆ ಎಷ್ಟು ದೊಡ್ಡದಾದರೂ ಅದು ನ್ಯಾಯವಾದ ಮಾರಾಟ ಆಗುವುದಿಲ್ಲ.

ಯೆರೆಮೀಯನ ಗ್ರಂಥದ 32ನೇ ಅಧ್ಯಾಯವನ್ನೂ ಓದಿ. ಬಾಬಿಲೋನಿಯದವರು ಮುತ್ತಿಗೆ ಹಾಕಿದ್ದಾಗ, ಯಾರೂ ನೆಲ ಕೊಳ್ಳದ ಕಾಲದಲ್ಲಿ, ಪ್ರವಾದಿ 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು ಅನಾತೋತಿನ ಹೊಲ ಕೊಳ್ಳುತ್ತಾನೆ. ಸಾಕ್ಷಿಗಳ ಮುಂದೆ ಸಹಿ, ಮುದ್ರೆ ಹಾಕಿದ ಪತ್ರ ಒಂದು, ತೆರೆದ ಪ್ರತಿ ಇನ್ನೊಂದು. ಎರಡನ್ನೂ ಮಣ್ಣಿನ ಗಡಿಗೆಯಲ್ಲಿ ಕಾಪಾಡಿ ಇಡಿಸುತ್ತಾನೆ. ಎಲ್ಲ ಬಹಿರಂಗ, ಎಲ್ಲ ಲಿಖಿತ. ನಮ್ಮ ಜನ ಇಲ್ಲಿಗೆ ಮರಳಿ ಬರುತ್ತಾರೆ ಎಂಬ ನಂಬಿಕೆಯಿಂದ ಮಾಡಿದ ಖರೀದಿ ಅದು.

ಪೋಪ್ ಹದಿಮೂರನೇ ಲಿಯೋ 1891ರಲ್ಲಿ ‘ರೇರುಮ್ ನೊವಾರುಮ್’ ಬರೆದಾಗ ಕಾರ್ಮಿಕನು ತನ್ನ ಕೂಲಿಯಿಂದ ಉಳಿಸಿ ಸ್ವಂತ ಆಸ್ತಿ ಮಾಡುವಂತಿರಬೇಕು ಎಂದರು. ಆಗ ಗಿರಣಗಾವದಲ್ಲಿ ಚಿಮಣಿಗಳು ಹೊಗೆ ಉಗುಳುತ್ತಿದ್ದವು. ಪೋಪ್ ಫ್ರಾನ್ಸಿಸ್ 2015ರ ‘ಲೌದಾತೊ ಸಿ’ಯಲ್ಲಿ ಬಡವರನ್ನು ಬೇರೆಡೆಗೆ ಕಳಿಸಲೇಬೇಕಾದರೆ ಮೊದಲೇ ತಿಳಿಸಬೇಕು, ಒಳ್ಳೆಯ ಆಯ್ಕೆ ಕೊಡಬೇಕು, ಅವರನ್ನೂ ಸೇರಿಸಿಕೊಂಡು ನಿರ್ಧರಿಸಬೇಕು ಎಂದರು.

ನಾವು ಮಾಡಬಹುದಾದದ್ದು

ನಾಳೆ ನಿಮ್ಮಲ್ಲಿ ಒಬ್ಬರು ಮನೆ ಕೊಳ್ಳುತ್ತೀರಿ, ಒಬ್ಬರ ಮನೆಯವರು ಹಳೆಯ ಮನೆ ಮಾರುತ್ತಾರೆ. ಕೊಳ್ಳುವಾಗ ರೇರಾ ನೋಂದಣಿ ನೋಡಿ, ನೆಲದ ದಾಖಲೆ ನೋಡಿ, ಜೊತೆಗೆ ಹಳೆಯ ನಿವಾಸಿಗಳಿಗೆ ಕೊಡಬೇಕಾದ ಮನೆ ಕೊಟ್ಟಿದ್ದಾರೆಯೇ ಎಂದೂ ವಿಚಾರಿಸಿ. ಅವರಿಗೆ ಮಾತು ತಪ್ಪಿದವನು ನಿಮಗೂ ತಪ್ಪಬಹುದು. ಮಾರುವಾಗ ಅವಸರ ಬೇಡ. ಅಜ್ಜ ಅಜ್ಜಿಯ ಹೆಬ್ಬೆಟ್ಟು ಒತ್ತಿಸುವ ಮೊದಲು ಆ ಕಾಗದವನ್ನು ಅವರ ಭಾಷೆಯಲ್ಲಿ, ಕನ್ನಡದಲ್ಲಿ, ಪೂರ್ತಿ ಓದಿ ಹೇಳಿ. ನಮ್ಮ ಗಡಿನಾಡಿನಲ್ಲಿ ಪತ್ರಗಳೆಲ್ಲ ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ಇರುತ್ತವೆ. ಓದಿದ ಮಕ್ಕಳು ಹಿರಿಯರಿಗೆ ಮಾಡಬಹುದಾದ ದೊಡ್ಡ ಸೇವೆ ಇದು. ಹೊಸ ಕಾಲೊನಿಗೆ ಹೋದ ಮೇಲೆ ಪಕ್ಕದ ಹಳೆಯ ಕಟ್ಟಡದ ಮಕ್ಕಳನ್ನು ಮೈದಾನದಿಂದ ಹೊರಗಿಡುವ ನಿಯಮಕ್ಕೆ ಕೈ ಎತ್ತಬೇಡಿ.

ಮುಂದಿನ ಯುವಕೂಟದಲ್ಲಿ ಚರ್ಚಿಸಲು ಮೂರು ಪ್ರಶ್ನೆಗಳು:

1. ನಿಮ್ಮ ಮನೆಯ ಹಿರಿಯರಲ್ಲಿ ಗಿರಣಿಯಲ್ಲಿ ದುಡಿದವರು ಯಾರು? ಆಗ ಎಲ್ಲಿ ವಾಸವಿದ್ದರು? ಆ ಮನೆ ಈಗ ಯಾರದು? ಕೇಳಿ ಬರೆದುಕೊಂಡು ಬನ್ನಿ.

2. ನೆಲದ ಬೆಲೆ ಏರಿದಾಗ ಅದರ ಲಾಭದಲ್ಲಿ ಅಲ್ಲಿ ದುಡಿದವರಿಗೆ ಪಾಲು ಇರಬೇಕೇ? ಎಷ್ಟು? ಯಾರು ಕೊಡಬೇಕು?

3. ಯೆರೆಮೀಯ 32 ಮತ್ತು 1 ಅರಸುಗಳು 21 ಓದಿ. ಎರಡು ಖರೀದಿಗಳ ನಡುವಿನ ವ್ಯತ್ಯಾಸ ಏನು?

ಮೊದಲ ಪ್ರಶ್ನೆಗೆ ಉತ್ತರ ಕೇಳಲು ತಡಮಾಡಬೇಡಿ. ಗಿರಣಿಯ ಭೋಂಗಾ ಕೇಳಿ ಎದ್ದವರು ನಮ್ಮ ನಡುವೆ ಕಡಿಮೆಯಾಗುತ್ತಿದ್ದಾರೆ. ಈ ಭಾನುವಾರ ಬಲಿಪೂಜೆ ಮುಗಿದ ಮೇಲೆ ಅವರಲ್ಲಿ ಒಬ್ಬರ ಪಕ್ಕ ಕುಳಿತುಕೊಳ್ಳಿ.